ಮೂರು ಮುಚ್ಚಳ ಅಂದ್ರೆ ಬಚ್ಚಲು

ಇದನ್ನ ನೀವು ನಂಬಲ್ಲ, ಬೇಕಾದ್ರೆ ಬೆಟ್ ಕಟ್ತೀನಿ. ನನ್ನ ಮಾತು ನಂಬಿ ಬೇಸ್ತು ಬೀಳದೇ ಇರೋರು ಜಯನಗರದಲ್ಲೇ ಯಾರೂ ಉಳಿದಿಲ್ಲ, ಅದಕ್ಕೆ ನಿಮ್ಮ ಅನುಮಾನ ನ್ಯಾಯವೇ. ಆದ್ರೂ ಕೇಳಿ. ಮೊನ್ನೆ ಪಕ್ಕದ ಮನೆಗೆ ಬಣ್ಣ ಹೊಡೀತಿದ್ರು. ಆ ಡಿಸ್ಟೆಂಪರ್ ವಾಸನೆ ಕಿಟಕಿಯಿಂದ ಬಂತು ನೋಡಿ, ಕೈಲಿದ್ದ ಕಾಫಿ ಆರೋವರೆಗೂ ಹಾಗೇ ಕೂತ್ಬಿಟ್ಟೆ... ಬೆತ್ತದ ಮೇಷ್ಟ್ರು ನೆನಪಾದ್ರು.

ತೊಂಬತ್ತರ ದಶಕದ ಮಾತು. ಪ್ರತಿ ಬೇಸಿಗೆ ರಜಕ್ಕೆ ನಮ್ಮ ರೋಡಿನ ಕಾಲೇಜು ಹುಡುಗ ಹುಡುಗೀರನ್ನ ಟೆಂಪೋದಲ್ಲಿ ತುಂಬ್ಕೊಂಡು ಟ್ರಿಪ್ ಹೋಗ್ತಿದ್ದೆ. ಅಪ್ಪ ಅಮ್ಮಂದಿರು ನನ್ನನ್ನ ಏನು ನೋಡಿ ನಂಬ್ತಿದ್ರೋ, ನನಗೇ ಗೊತ್ತಿಲ್ಲ. ಆ ವರ್ಷ ಹುಡುಗ್ರು, "ಅಂಕಲ್, ಈ ಸಲ ಊಟಿ ಗೀಟಿ ಬೇಡ. ಯಾರಿಗಾದ್ರೂ ಉಪಯೋಗ ಆಗೋ ಕೆಲಸ ಮಾಡೋಣ" ಅಂದ್ರು. ಗೊಟ್ಟಿಗೆರೆ ಕಡೆ ಕಣ್ಣು ಕಾಣದ ಮಕ್ಕಳ ಹಾಸ್ಟೆಲ್ ಒಂದಿತ್ತು. ಮಕ್ಕಳೆಲ್ಲ ರಜಕ್ಕೆ ಊರಿಗೆ ಹೋಗಿದ್ರು. ಹತ್ತು ದಿನ ಅಲ್ಲೇ ಇದ್ದು, ಅಡುಗೆ ನಾವೇ ಮಾಡ್ಕೊಂಡು, ಇಡೀ ಕಟ್ಟಡಕ್ಕೆ ಬಣ್ಣ ಹೊಡೆಯೋದು ಅಂತ ಆಯ್ತು.

ಮೇಷ್ಟ್ರು ಅಲ್ಲೇ ಇರೋರು. ಮಕ್ಕಳಿಗೆ ಬೆತ್ತದ ಕುರ್ಚಿ ಹೆಣೆಯೋದು ಕಲಿಸ್ತಿದ್ರು. ಅವರಿಗೂ ಕಣ್ಣು ಕಾಣ್ತಿರಲಿಲ್ಲ. ಮೊದಲನೇ ದಿನವೇ ನಾನು ಹೆಂಗಸಿನ ದನಿ ಮಾಡಿ, "ಮೇಷ್ಟ್ರೇ, ಟ್ರಸ್ಟ್ ಆಫೀಸಿಂದ ಬಂದಿದೀನಿ" ಅಂದೆ. ಅವರು ಬೆತ್ತದಿಂದ ತಲೆ ಎತ್ತದೇ, "ಕೂತ್ಕೊಳ್ಳಿ ತಾಯಿ. ಮೊದ್ಲು ಆ ಬೀಡಿ ಆರಿಸಿ" ಅಂದ್ರು. ಹುಡುಗ್ರು ಬಿದ್ದು ಬಿದ್ದು ನಕ್ಕರು.

ಆಮೇಲೆ ಮೇಷ್ಟ್ರು ನಾಲ್ಕು ದಿನ ಕುಮಾರಸ್ವಾಮಿ ಲೇಔಟಿನ ತಂಗಿ ಮನೆಗೆ ಹೋದ್ರು. ಆಗಲೇ ನಡೆದಿದ್ದು. ಗೋಡೆ ಮೇಲೆ ಅಲ್ಲಲ್ಲಿ ಸೋಡಾ ಬಾಟ್ಲಿ ಮುಚ್ಚಳ ಅಂಟಿಸಿತ್ತು, ಒಂದು ಕಡೆ ತೆಂಗಿನ ನಾರಿನ ಹಗ್ಗ ಮೊಳೆ ಹೊಡೆದು ಕೂರಿಸಿತ್ತು. ಮಕ್ಕಳ ತುಂಟಾಟ ಅಂದ್ಕೊಂಡು ನಮ್ಮ ಹುಡುಗ್ರು ಎಲ್ಲಾ ಕಿತ್ತು ಹಾಕಿದ್ರು. ನಾನು ವಾಲ್ ಪುಟ್ಟಿ ಬಳಿದು ಉಜ್ಜಿದೆ. ನೊಣ ಕೂತ್ರೆ ಜಾರ್ಬೇಕು, ಅಷ್ಟು ನುಣುಪು. ಸುಮ್ನೆ ಹೇಳ್ತಿಲ್ಲ.

ವಾಪಸ್ ಬಂದ ಮೇಷ್ಟ್ರು ಕೋಲನ್ನ ಬಾಗಿಲಲ್ಲೇ ಇಟ್ಟು ಗೋಡೆ ಸವರ್ಕೊಂಡು ಹೊರಟ್ರು. ನಾವು ಹೊಗಳ್ತಾರೆ ಅಂತ ಕಾಯ್ತಿದ್ವಿ. ಕೈ ಹೋಯ್ತು, ಹೋಯ್ತು... ನಿಂತ್ಬಿಡ್ತು. ಹಿಂದಕ್ಕೆ ಬಂತು.

"ಮುಚ್ಚಳಗಳು?" ಅಂದ್ರು.

ಹುಡುಗ್ರು ನನ್ನ ಕಡೆ ತಿರುಗಿದ್ರು.

"ಒಂದು ಮುಚ್ಚಳ ಅಡುಗೆಮನೆ, ಎರಡು ಮಲಗೋ ರೂಮು, ಮೂರು ಬಚ್ಚಲು. ಹಗ್ಗ ಸಿಕ್ಕಿದ್ರೆ ಮುಂದೆ ಮೆಟ್ಟಿಲು." ಬೈಲಿಲ್ಲ ಅವರು. "ಒಂದನೇ ಕ್ಲಾಸಿನ ಹುಡುಗಿ ಒಬ್ಬಳಿದಾಳೆ. ರಜಕ್ಕೆ ಹೋಗೋ ಹಿಂದಿನ ವಾರ ತಾನೇ ಒಬ್ಬಳೇ ಬಚ್ಚಲಿಗೆ ಹೋಗೋದು ಕಲಿತಳು. ಒಂದು ವರ್ಷ ಹಿಡೀತು ಸ್ವಾಮಿ. ಸೋಮವಾರ ಬರ್ತಾಳೆ."

ಅವತ್ತು ಶುಕ್ರವಾರ. ಹುಡುಗ್ರು ಗೊಟ್ಟಿಗೆರೆ ಬೀಡಾ ಅಂಗಡಿಗಳ ಮುಂದೆಲ್ಲ ಬಗ್ಗಿ ಬಗ್ಗಿ ಮುಚ್ಚಳ ಆರಿಸ್ಕೊಂಡು ಬಂದ್ರು. ಮೇಷ್ಟ್ರು ಗೋಡೆಗೆ ಒರಗಿ ಅಳತೆ ಹೇಳೋರು, "ಚೌಕಟ್ಟಿಂದ ಎರಡು ಗೇಣು, ನನ್ನ ಸೊಂಟಕ್ಕಿಂತ ನಾಲ್ಕು ಬೆರಳು ಕೆಳಗೆ..." ಮುಚ್ಚಳ ಅಂಟಿಸಿ, ಹಗ್ಗನೂ ಹೊಡೆದು ಮುಗಿದ ಮೇಲೆ ಎಲ್ಲರೂ ಕಣ್ಣು ಮುಚ್ಕೊಂಡು ನಡೆದು ನೋಡಿ ಅಂದ್ರು. ನಾನು ರೆಪ್ಪೆ ಸಂದಿಯಿಂದ ನೋಡ್ಕೊಂಡು ಟಕಟಕ ಅಂತ ಬಚ್ಚಲು ಮುಟ್ಟಿದೆ.

"ಕಣ್ಣು ಮುಚ್ಚಿ ಸ್ವಾಮಿ. ಕುರುಡ ಯಾವನೂ ಹೊಸ ಗೋಡೆ ಪಕ್ಕ ಹಂಗೆ ಓಡಲ್ಲ" ಅಂದ್ರು.

ಎರಡನೇ ಸಲ ಅಡುಗೆಮನೆ ಸೇರಿದೆ.

ಸೋಮವಾರ ಬೆಳಿಗ್ಗೆ ಅವಳಪ್ಪ ಅವಳನ್ನ ಬಿಟ್ಟು ಹೋದ. ನಾವೆಲ್ಲ ಎದುರು ಗೋಡೆಗೆ ಅಂಟ್ಕೊಂಡು ನಿಂತಿದ್ವಿ. ಪುಟ್ಟ ಕೈ ಗೋಡೆ ಮೇಲೆ... ಒಂದು, ದಾಟಿದಳು. ಎರಡು, ದಾಟಿದಳು. ಮೂರರ ಹತ್ರ ನಿಂತಳು.

"ಮೇಷ್ಟ್ರೇ, ಇವು ಬೇರೆ ಮುಚ್ಚಳ."

"ಹೂಂ ಕಣಮ್ಮ, ಹಳೇವು ತುಕ್ಕು ಹಿಡಿದಿದ್ವು. ನಾನೇ ತೆಗೆಸಿದೆ."

ಅವಳು ಒಳಗೆ ಹೋಗಿ ಚಿಲಕ ಹಾಕ್ಕೊಂಡಳು. ಆ ಸದ್ದಿಗೆ ನಮ್ಮ ಹುಡುಗ್ರು ಒಬ್ಬರ ಭುಜ ಒಬ್ಬರು ಹಿಡ್ಕೊಂಡ್ರು.

ಆಮೇಲೂ ಎಷ್ಟೋ ವರ್ಷ ಬೇಸಿಗೆ ಬಂದ್ರೆ ಮೇಷ್ಟ್ರನ್ನ ನೋಡೋಕೆ ಹೋಗ್ತಿದ್ದೆ. ಒಂದೊಂದು ಸಲ ಒಂದೊಂದು ದನಿ ಮಾಡ್ತಿದ್ದೆ, ಒಮ್ಮೆಯೂ ಗೆಲ್ಲಲಿಲ್ಲ. ಈಗ ಅವರಿಲ್ಲ. ಹಾಸ್ಟೆಲ್ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ...

ಇಷ್ಟರಲ್ಲಿ ಒಂದೇ ಒಂದು ಸುಳ್ಳಿದೆ. ಮುಚ್ಚಳ ಕಿತ್ತಿದ್ದು ಹುಡುಗ್ರಲ್ಲ. ಅವರು, "ಅಂಕಲ್, ಬೇಕಂತ್ಲೇ ಅಂಟಿಸಿದಂಗಿದೆ, ಮೇಷ್ಟ್ರು ಬರ್ಲಿ" ಅಂದಿದ್ರು. ಕಿತ್ತೋನು ನಾನೊಬ್ಬನೇ. ಯಾರು ಅಂತ ಮೇಷ್ಟ್ರು ಒಂದು ದಿನವೂ ಕೇಳಲಿಲ್ಲ. ನಾನೂ ಹೇಳಲಿಲ್ಲ.