ಎದುರುಮನೆ ವೈನಿ ಜೋಡಿಸಿದ ಕಂಪ್ಯೂಟರ್

ಮೊನ್ನೆ ಗುರುವಾರ ಮಧ್ಯಾಹ್ನ ಮಗಳು ಬಾಗಿಲಲ್ಲಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಇಳಿಸಿಕೊಂಡಳು. ಟೇಪ್ ಸೀಳಿ ಥರ್ಮೊಕೋಲ್ ಎಳೆದಾಗ ಒಳಗಿನಿಂದ ಒಂದು ವಾಸನೆ ಬಂತು. ಹೊಸ ತಗಡು, ಬಣ್ಣ, ಪ್ಲಾಸ್ಟಿಕ್ ಎಲ್ಲ ಸೇರಿದ ವಾಸನೆ... ಮೆಂತ್ಯಪಲ್ಲೆ ಬಿಡಿಸುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಗೇಮ್ ಆಡುವ ಕಂಪ್ಯೂಟರಿಗೆ ಹೊಸ ಕ್ಯಾಬಿನೆಟ್ ಅದು, ಒಳಗಿನ ಸಾಮಾನೆಲ್ಲ ಕೂಡಿಸುವ ಡಬ್ಬಿ. ಹಳೆಯದಕ್ಕೆ ಏಳು ವರ್ಷವಾಯಿತು, ಇನ್ನು ಸಾಕು ಅಂತ ತಿಂಗಳಿನಿಂದ ಹೇಳುತ್ತಿದ್ದಳು.

"ಈ ಸಲ ನಾನ ಜೋಡಸ್ತೀನಿ ಮಮ್ಮಿ, ಖುದ್" ಅಂದಳು, ನಗುತ್ತ. "ಆ ಕಾಕೂನಂಗ ಫ್ಯಾನಿಗೆ ವಾಯರ್ ತಾಗಿಸಿ ಇಡಂಗಿಲ್ಲ, ಪಕ್ಕಾ."

ಆ ಮಾತಿಗೆ ನಾನು ಏಳು ವರ್ಷ ಅವಳ ಜೊತೆ ನಕ್ಕಿದ್ದೇನೆ. ಮೊನ್ನೆ ಮಾತ್ರ ನಗು ಬರಲಿಲ್ಲ.

ಕಾಕು ಅಂದರೆ ಆಂಟಾಪ್ ಹಿಲ್‌ನ ಹಳೆಯ ಬಿಲ್ಡಿಂಗಿನಲ್ಲಿ ನಮ್ಮ ಎದುರು ಬಾಗಿಲಿನವರು. ನನಗೆ ವೈನಿ, ಸಂಬಂಧವಿಲ್ಲದಿದ್ದರೂ ಅತ್ತಿಗೆ ಅಂತ ಕರೆಯುವ ರೂಢಿ. ನಾವು ವಿಜಯಪುರದ ಕಡೆಯವರು, ಅವರು ಬೆಳಗಾವಿಯವರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಮಕ್ಕಳಿರಲಿಲ್ಲ. ಮದುವೆಯಾಗಿ ಮುಂಬೈಗೆ ಬಂದಮೇಲೆ ಒಂದು ಇಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಬೆಸುಗೆ ಹಾಕುವ ಕೆಲಸ ಮಾಡಿದ್ದರಂತೆ. ಅದು ಮುಚ್ಚಿದ ಮೇಲೆ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಕೂತಿದ್ದರು. ಮೊಣಕಾಲು ಹಿಡಿದುಕೊಂಡ ಮೇಲೆ ಕೆಲಸ ಬಿಟ್ಟು ಮನೆಯಲ್ಲಿದ್ದರು. ಕಟಕರೊಟ್ಟಿ ಬಡಿಯುವ ಕೈಯಿಂದಲೇ ಇಡೀ ಬಿಲ್ಡಿಂಗಿನ ಮಿಕ್ಸರ್, ಇಸ್ತ್ರಿ, ರಿಮೋಟ್ ಬಿಚ್ಚಿ ಸರಿಮಾಡುತ್ತಿದ್ದರು. ಕೇಳಿದರೆ, "ಮಷೀನೂ ಮಂದಿ ಹಂಗನ ಅವ. ಬಿಸಿ ಆದ್ರ ಕೆಡತಾವ" ಅನ್ನುತ್ತಿದ್ದರು.

ನಾನು ಶಾಲೆ ಕಲಿತದ್ದು ಹತ್ತನೇ ಇಯತ್ತೆವರೆಗೆ. ನನ್ನ ಬದುಕು ಅಡುಗೆಮನೆ, ದೇವರ ಜಗುಲಿ, ಗಂಡನ ಊಟದ ಡಬ್ಬಿ, ಮಗಳು. ಬೆಳಗ್ಗೆ ನಲ್ಲಿಯಲ್ಲಿ ನೀರು ಬಂದರೆ ಶಿವನ ದಯೆ, ಸಂಜೆ ಇಬ್ಬರೂ ಲೋಕಲ್ ಗರ್ದಿಯಿಂದ ಸುರಳೀತ ಮನೆಗೆ ಬಂದರೆ ಶಿವನ ದಯೆ ಅಂತ ಎಣಿಸಿಕೊಂಡು ಮಲಗುವವಳು. ಯಾರ ಚಿನ್ನ ಸೀರೆ ನೋಡಿಯೂ ನನಗೆ ಹೊಟ್ಟೆಕಿಚ್ಚು ಬಂದದ್ದಿಲ್ಲ. ವೈನಿಯ ಮೇಲೆ ಬಂತು. ಅದೂ ಒಂದು ತಗಡಿನ ಡಬ್ಬಿಯ ಸಲುವಾಗಿ...

ಹತ್ತನೇ ಪರೀಕ್ಷೆಯಲ್ಲಿ ಒಳ್ಳೆಯ ಮಾರ್ಕ್ಸ್ ತೆಗೆದರೆ ಕಂಪ್ಯೂಟರ್ ಕೊಡಿಸುತ್ತೇನೆ ಅಂತ ಮಗಳಿಗೆ ಅವಳಪ್ಪ ಮಾತು ಕೊಟ್ಟಿದ್ದರು. ತೆಗೆದಳು. ಆದರೆ ಅಂಗಡಿಯಲ್ಲಿ ತಯಾರು ಸಿಗುವುದು ಅವಳಿಗೆ ಬೇಡ, ಒಂದೊಂದೇ ಸಾಮಾನು ಆರಿಸಿ ಜೋಡಿಸಿದ್ದೇ ಬೇಕು, ಗೇಮ್ ಆಡುವಂಥದ್ದೇ ಬೇಕು. ನನಗೆ ತಲೆಬುಡ ತಿಳಿಯಲಿಲ್ಲ. "ಹೋಗು, ವೈನೀನ್ನ ಕೇಳು" ಅಂತ ನಾನೇ ಕಳಿಸಿದೆ. ನನ್ನ ಕೈಯಾರೆ ಕಳಿಸಿದೆ.

ಆಮೇಲೆ ಹುಡುಗಿ ಎದುರುಮನೆಯಲ್ಲೇ. ಕಾಲೇಜಿನಿಂದ ಬಂದವಳು ಚಪ್ಪಲಿ ನಮ್ಮ ಬಾಗಿಲಲ್ಲಿ ಬಿಟ್ಟು ಆ ಬಾಗಿಲಿಗೆ ಹೋಗುತ್ತಿದ್ದಳು. ನಡುವೆ ಇದ್ದದ್ದು ನಾಲ್ಕು ಹೆಜ್ಜೆ. ನಮ್ಮ ಬಾಗಿಲು ತೆರೆದಿಟ್ಟುಕೊಂಡು ನಾನು ಕೇಳುತ್ತಿದ್ದೆ. ಇಬ್ಬರೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯುವುದು, ಹೊಡೆದುಹಾಕುವುದು, ಮತ್ತೆ ಬರೆಯುವುದು. ಪ್ರೊಸೆಸರ್ ಯಾವುದು, ಅದಕ್ಕೆ ಹೊಂದುವ ಮದರ್‌ಬೋರ್ಡ್ ಯಾವುದು, ಗ್ರಾಫಿಕ್ಸ್ ಕಾರ್ಡಿನ ಉದ್ದ ಎಷ್ಟು, ಅದು ಕ್ಯಾಬಿನೆಟ್ಟಿನಲ್ಲಿ ಕೂಡುತ್ತದೋ ಇಲ್ಲವೋ... ವೈನಿ ಹೊಲಿಗೆಯ ಟೇಪಿನಿಂದ ಗಾಳಿಯಲ್ಲಿ ಅಳತೆ ಹಿಡಿದು ತೋರಿಸುತ್ತಿದ್ದರು, ಇವಳು ಕಿಲಕಿಲ ನಗುತ್ತಿದ್ದಳು. ನನ್ನ ಜೊತೆ ಅವಳ ಕನ್ನಡ "ಹಸಿವು, ಊಟ, ರೊಕ್ಕ" ಇಷ್ಟಕ್ಕೇ ಮುಗಿಯುತ್ತಿತ್ತು. ಅಲ್ಲಿ ನೋಡಿದರೆ ತಾಸುಗಟ್ಟಲೆ ಕನ್ನಡ! ತಡವರಿಸುತ್ತ, ನಡುನಡುವೆ ಹಿಂದಿ ತುರುಕುತ್ತ, ಆದರೂ ಕನ್ನಡ. ನನ್ನ ಮಗಳ ಬಾಯಲ್ಲಿ ಅಷ್ಟು ಕನ್ನಡ ಇದೆ ಅಂತ ನನಗೇ ಗೊತ್ತಿರಲಿಲ್ಲ.

"ಮದರ್‌ಬೋರ್ಡಿನ ಚಿಂತಿ ಬಾಳ ಆಗೇದ. ಮನಿಯಾಗಿನ ಮದರ್‌ನ ಕೇಳವರಿಲ್ಲ" ಅಂದೆ ಒಂದು ದಿನ, ಗಂಡನ ಮುಂದೆ. ಅವರು ಜೋರಾಗಿ ನಕ್ಕರು. ನಾನು ನಗಿಸಲಿಕ್ಕೆ ಹೇಳಿರಲಿಲ್ಲ.

ಕ್ಯಾಬಿನೆಟ್ಟಿನ ವಿಷಯದಲ್ಲಾದರೂ ನನ್ನ ಮಾತು ನಡೆಯಲಿ ಅಂತ ಹಟ ಹಿಡಿದೆ. ಮಗಳ ಮೊಬೈಲಿನಲ್ಲಿ ಒಂದು ಬಿಳಿಯದು ಕಂಡಿತ್ತು. ಸುತ್ತಲೂ ಮುಚ್ಚಿದ್ದು, ಮುಂದೆ ಗಾಜು, ಒಳ್ಳೇ ದೇವರ ಮಂಟಪದ ಹಾಗೆ. ಅದೇ ಇರಲಿ ಅಂದೆ. ವೈನಿ ಬೇಡ ಅಂದರು. "ಖಿಡಕಿ ಇಲ್ಲದ ಅಡಗಿಮನ್ಯಾಗ ನೀ ಹೆಂಗ ಬೆವರತಿ? ಇದೂ ಹಂಗ ಬೆವರತದ. ಮುಂದಿಂದ ಗಾಳಿ ಒಳಗ ಬರಬೇಕು, ಮ್ಯಾಲಿಂದ ಬಿಸಿ ಹೊರಗ ಹೋಗಬೇಕು." ನನ್ನ ಅಡುಗೆಮನೆಯ ಮಾತನ್ನೇ ಎತ್ತಿ ನನ್ನ ಬಾಯಿ ಮುಚ್ಚಿಸಿದರು. ಮುಂದೆಯೂ ಮೇಲೆಯೂ ಜೇನುಗೂಡಿನಂಥ ತೂತುಗಳಿದ್ದ ಕಪ್ಪು ಡಬ್ಬಿಯೇ ನಿಕ್ಕಿಯಾಯಿತು.

ಸಾಮಾನು ತರಲು ಮೂವರೂ ಬಸ್ಸಿನಲ್ಲಿ ಗ್ರ್ಯಾಂಟ್ ರೋಡ್ ಕಡೆಯ ಕಂಪ್ಯೂಟರ್ ಬಜಾರಿಗೆ ಹೋದೆವು. ಕಿರಿದಾದ ಅಂಗಡಿ, ನೆಲದಿಂದ ಮಾಳಿಗೆವರೆಗೆ ಡಬ್ಬಿಗಳು. ವೈನಿ ಕನ್ನಡಕ ಹಾಕಿಕೊಂಡು ಪವರ್ ಸಪ್ಲೈ ಕೈಯಲ್ಲಿ ತೂಗಿ ನೋಡಿದರು. "ಹಗುರಾ ಹೈ. ದೂಸರಾ ದಿಖಾವ್" ಅಂದರು. ಅಂಗಡಿಯವನು ತಲೆಬಾಗಿದ. ಮಗಳ ಕಡೆ ತಿರುಗಿ, "ಮಮ್ಮೀ ಕೋ ತೋ ಸಬ್ ಮಾಲೂಮ್ ಹೈ!" ಅಂದ. ನನಗೆ ಒಂದು ಸ್ಟೂಲ್ ತಳ್ಳಿ, "ಆಪ್ ಬೈಠಿಯೇ, ಆಂಟಿ" ಅಂದ.

ವೈನಿ ತಕ್ಷಣ, "ಅರೇ, ಮಮ್ಮೀ ವೋ ಹೈ" ಅಂತ ನನ್ನ ಕಡೆ ಕೈ ತೋರಿಸಿದರು. ಮಗಳು ನಕ್ಕುಬಿಟ್ಟಳು. ಅವನ ತಪ್ಪಿಗೆ ನಕ್ಕಳು ಅಷ್ಟೇ, ಬೇರೇನಿಲ್ಲ. ಆದರೆ ನಾನು ಆ ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ಖಾಲಿ ಚೀಲ ಇಟ್ಟುಕೊಂಡು, ಇವಳನ್ನು ಹೆತ್ತವಳು ನಾನು, ನಾನು, ನಾನು ಅಂತ ಒಳಗೇ ಹೇಳಿಕೊಳ್ಳುತ್ತಿದ್ದೆ. ಮಕ್ಕಳಿಲ್ಲದವರು ಇನ್ನೊಬ್ಬರ ಮಗುವನ್ನು ಹೀಗೆಯೇ ಎಳೆದುಕೊಳ್ಳುತ್ತಾರೆ ಅಂತಲೂ ಅಂದುಕೊಂಡೆ. ಶಿವನೇ, ಎಂಥ ಮಾತು ಅದು... ಬಾಯಿಂದ ಆಡಲಿಲ್ಲ ಅನ್ನುವುದೊಂದೇ ಸಮಾಧಾನ.

ಖಂಡೇನವಮಿಯ ಹಿಂದಿನ ದಿನ ಜೋಡಿಸಿದರು. ನಮ್ಮ ಮನೆಯಲ್ಲೇ ಆಗಲಿ ಅಂತ ನಾನು ಪಟ್ಟು ಹಿಡಿದಿದ್ದೆ. ನೆಲದ ಮೇಲೆ ಚಾದರ ಹಾಸಿ, ಮೊಣಕಾಲು ನೋಯುತ್ತಿದ್ದರೂ ವೈನಿ ಕೆಳಗೇ ಕೂತರು. ಮೊದಲು ಬಳೆ ತೆಗೆದಿಟ್ಟರು. ಆಮೇಲೆ ಕಿಟಕಿಯ ಕಬ್ಬಿಣದ ಸರಳು ಮುಟ್ಟಿ ಬಂದರು. ಮೈಯಲ್ಲಿರುವ ಕರೆಂಟು ಇಳಿದುಹೋಗಲಿಕ್ಕೆ ಹಾಗೆ ಮಾಡಬೇಕಂತೆ. ಮಗಳೂ ಎದ್ದು ಹೋಗಿ ಮುಟ್ಟಿದಳು. ನಡುವೆ ಇನ್ನೆರಡು ಸಲ ಮುಟ್ಟಿದಳು. ದೇವರಿಗೆ ಕೈಮುಗಿ ಅಂದರೆ ಹತ್ತು ಸಲ ಹೇಳಿಸಿಕೊಳ್ಳುವ ಹುಡುಗಿ! ನಾನು ಚಹಾ ಮಾಡಿ ತಂದೆ. ಆರಿಹೋಯಿತು, ಇಬ್ಬರೂ ಕುಡಿಯಲಿಲ್ಲ. ಕೊನೆಗೆ ಸ್ವಿಚ್ ಹಾಕಿದಾಗ ಒಳಗೆ ನೀಲಿ ದೀಪ ಹತ್ತಿತು, ಫ್ಯಾನುಗಳು ಸದ್ದಿಲ್ಲದೆ ತಿರುಗಿದವು. ಮಗಳು ಕುಣಿದು ಹೋಗಿ ಅಪ್ಪಿಕೊಂಡದ್ದು ವೈನಿಯನ್ನು.

ಮರುದಿನ ಖಂಡೇನವಮಿ. ನಮ್ಮಲ್ಲಿ ಅಂದು ಮನೆಯ ಆಯುಧಗಳಿಗೆಲ್ಲ ಪೂಜೆ. ಈಳಿಗೆ, ಮಿಕ್ಸರ್, ಇವರ ಸ್ಕೂಟರ್. ಮಗಳು ಸ್ನಾನಕ್ಕೆ ಹೋಗಿದ್ದಳು. ನಾನು ಆರತಿ ತಟ್ಟೆ ಹಿಡಿದು ಆ ಕಪ್ಪು ಡಬ್ಬಿಯ ಮುಂದೆ ನಿಂತೆ. ವಿಭೂತಿ ಹಚ್ಚಿದೆ, ಕುಂಕುಮ ಇಟ್ಟೆ, ಝೇಂಡು ಹೂ ಏರಿಸಿದೆ. ಅಕ್ಷತೆ ಹಾಕುವಾಗ ನಾಲ್ಕು ಕಾಳು ಸಾಕಿತ್ತು. ನಾನು ಮುಷ್ಟಿ ತುಂಬ ಹಾಕಿದೆ. ನಿನ್ನೆಯಿಂದ ಈ ಡಬ್ಬಿ ಅವರ ಕೈಯದು, ಇವತ್ತು ನನ್ನ ಕೈಯದೂ ಆಗಲಿ ಅನ್ನುವ ಹಟ. ಮೇಲಿನ ತೂತುಗಳಿಂದ ಅಕ್ಕಿಕಾಳು ಟಿಕಟಿಕ ಅಂತ ಒಳಗೆ ಬಿದ್ದವು. ಕೇಳಿಸಿತು. ದೇವರ ಅಕ್ಷತೆ ಒಳಗಿದ್ದರೆ ಒಳ್ಳೆಯದೇ, ಕಾಯುತ್ತದೆ, ಅಂದುಕೊಂಡೆ. ಆ ಗಳಿಗೆಯಲ್ಲಿ ನಿಜವಾಗಿಯೂ ಹಾಗೇ ಅಂದುಕೊಂಡೆ.

ಮಗಳು ಬಂದು ಸ್ವಿಚ್ ಹಾಕಿದ್ದೇ ತಡ, ಕಟಕಟಕಟ ಅಂತ ಸದ್ದು. ಹಲ್ಲು ಕಡಿದ ಹಾಗೆ. ಅವಳು ಹೆದರಿ ಆರಿಸಿದಳು, ಮುಖ ಬಿಳಿಚಿತು. "ನಿನ್ನೆ ಠೀಕ್ ಇತ್ತು... ಕಾಕು ಏನರ ಗಲತ್ ಜೋಡಿಸ್ಯಾರ ಏನು?"

ಆಗಲೇ ಹೇಳಬೇಕಿತ್ತು. ಹೇಳುವ ಬದಲು ಮೇಲೆ ಉಳಿದಿದ್ದ ಅಕ್ಷತೆಯನ್ನು ಸೆರಗಿನಿಂದ ಒರೆಸಿ ತೆಗೆದೆ. "ಹೊರಗಿನವರ ಮ್ಯಾಲ ಭಾಳ ಭರೋಸಾ ಇಟ್ರ ಹಿಂಗ ಆಗತದ" ಅಂದೆ. ನನ್ನ ನಾಲಿಗೆಯೇ ಅಂದದ್ದು.

ವೈನಿಯನ್ನು ಕರೆದು ತಂದಳು. ಅವರು ಪಕ್ಕದ ಮುಚ್ಚಳ ಬಿಚ್ಚಿ ಟಾರ್ಚ್ ಹಿಡಿದರು. ಮಗಳು ಅವರ ಬೆನ್ನ ಹಿಂದಿದ್ದಳು, ನಾನು ಮುಂದೆ. ಹಳದಿ ಕಾಳುಗಳು ನನಗೆ ಕಂಡವು. ಗ್ರಾಫಿಕ್ಸ್ ಕಾರ್ಡಿನ ಫ್ಯಾನಿನ ಸಂದಿಯಲ್ಲಿ ಮೂರ್ನಾಲ್ಕು, ಕೆಳಗೆ ಒಂದು ಹಿಡಿ. ವೈನಿ ತಲೆ ಎತ್ತಿ ನನ್ನನ್ನು ನೋಡಿದರು. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಇರಲಿಲ್ಲ. ನನ್ನ ಹೊಟ್ಟೆಯೊಳಗಿನದೆಲ್ಲ ಅವರಿಗೆ ಕಂಡುಹೋಯಿತು ಅನ್ನಿಸಿತು. ಮೆತ್ತನೆಯ ಬ್ರಶ್ಶಿನಿಂದ ಕಾಳುಗಳನ್ನು ಒಂದೂ ಬಿಡದೆ ಅಂಗೈಗೆ ಗುಡಿಸಿಕೊಂಡು, ಮುಷ್ಟಿ ಮುಚ್ಚಿ, ಸೆರಗಿನ ತುದಿಯಲ್ಲಿ ಗಂಟು ಹಾಕಿದರು.

"ಒಂದು ವಾಯರ್ ಫ್ಯಾನಿಗೆ ತಾಕತಿತ್ತು ತಂಗಿ. ನಂದ ತಪ್ಪು. ವಯಸ್ಸಾತು ನೋಡು, ಕಣ್ಣು ಮಂಜ" ಅಂದರು, ಮಗಳ ಕಡೆ ತಿರುಗಿ. ಅವಳನ್ನು ಅವರು ತಂಗಿ ಅಂತಲೇ ಕರೆಯುತ್ತಿದ್ದರು.

ಹದಿನಾರರ ಹುಡುಗಿಯರ ಮುಖದಲ್ಲಿ ಒಂದು ಅಸಡ್ಡೆ ಬರುತ್ತದಲ್ಲ, ಅದು ಮಗಳ ಮುಖದಲ್ಲಿ ಬಂತು. ಅಂದಿನಿಂದ ಎದುರುಮನೆಗೆ ಹೋಗುವುದು ಕಡಿಮೆಯಾಯಿತು. ಏನಾದರೂ ಕೇಳಬೇಕಾದರೆ ಮೊಬೈಲಿನಲ್ಲಿ ವಿಡಿಯೋ ನೋಡಿಕೊಳ್ಳುತ್ತಿದ್ದಳು.

ಮರುದಿನ ಬನ್ನಿ. ಸಣ್ಣವರು ದೊಡ್ಡವರ ಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು ಕಾಲಿಗೆ ಬೀಳಬೇಕು, ವರ್ಷದ ಸಿಟ್ಟು ಸೆಡವು ಮರೆಯಬೇಕು. ನಾನು ಎಲೆ ತಂದಿಟ್ಟುಕೊಂಡಿದ್ದೆ. ಆ ನಾಲ್ಕು ಹೆಜ್ಜೆ ದಾಟಲು ಆಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವರೇ ಬಂದರು, ದೊಡ್ಡವರಾಗಿ. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂದು ನನ್ನ ಕೈಯಲ್ಲಿ ಎಲೆ ಇಟ್ಟರು. ಕಣ್ಣು ಒಳಗಿನ ಕೋಣೆಯ ಕಡೆ ಹೋಯಿತು. "ತಂಗಿ?"

"ಮಲಗ್ಯಾಳ್ರಿ" ಅಂದೆ. ಒಳಗಿನಿಂದ ಕೀಬೋರ್ಡಿನ ಸದ್ದು ಕೇಳುತ್ತಿತ್ತು.

"ಮಲಗಲಿ" ಅಂದರು. ಅವಳ ಪಾಲಿನ ಎಲೆಯನ್ನೂ ನನ್ನ ಕೈಯಲ್ಲೇ ಇಟ್ಟು ಹೋದರು. ನಾನು ಅದನ್ನು ಅವಳಿಗೆ ಕೊಡಲಿಲ್ಲ.

ಗೆದ್ದದ್ದು ನಾನೇ. ಮಗಳು ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಆಟ ತೋರಿಸತೊಡಗಿದಳು. "ದೇಖ್ ಮಮ್ಮಿ, ಇದು ನನ್ನ ಘರ್, ಇದು ನನ್ನ ತಲವಾರ್." ಏನೂ ತಿಳಿಯದಿದ್ದರೂ ಹೂಂ ಅನ್ನುತ್ತ ಕೂರುತ್ತಿದ್ದೆ. ಅದನ್ನೂ ಶಿವನ ದಯೆಯಲ್ಲಿ ಸೇರಿಸಿ ಎಣಿಸಿದೆ... ಕದ್ದ ಮಾಲನ್ನು ದೇವರ ಲೆಕ್ಕಕ್ಕೆ ಹಾಕಿದ ಹಾಗೆ.

ಎರಡು ವರ್ಷ ಕಳೆದ ಮೇಲೆ, ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುತ್ತೇವೆಂದು ಎಲ್ಲರನ್ನೂ ಬಿಡಿಸಿದರು. ನಾವು ವಡಾಲಕ್ಕೆ ಬಾಡಿಗೆಗೆ ಬಂದೆವು, ವೈನಿ ಗೋರೆಗಾಂವ್‌ಗೆ ಹೋದರು. ಹಬ್ಬಕ್ಕೆ ಫೋನು ಮಾಡುತ್ತಿದ್ದರು. ಕಡೆಗೆ, "ಮಷೀನ್ ಹೆಂಗೈತಿ? ಧೂಳಾ ಒರಸತಾಳಿಲ್ಲೋ?" ಅಂತ ಕೇಳುತ್ತಿದ್ದರು. ಮಗಳು ಹೇಗಿದ್ದಾಳೆ ಅಂತ ಕೇಳಲು ನನ್ನಿಂದ ಹಿಂಜರಿದು ಮಷೀನಿನ ನೆವ ಹೇಳುತ್ತಿದ್ದರು, ನನಗೆ ಗೊತ್ತಿತ್ತು. "ಚೊಲೊ ಐತ್ರಿ" ಅನ್ನುತ್ತಿದ್ದೆ, ಅಷ್ಟೇ. ಒಂದು ದಿನ ಅವರ ಯಜಮಾನರ ಫೋನು ಬಂತು. ವೈನಿ ಮೂರು ದಿನ ಆಸ್ಪತ್ರೆಯಲ್ಲಿದ್ದು ಹೋಗಿಬಿಟ್ಟಿದ್ದರು. ನಾವು ಗಂಡಹೆಂಡತಿ ಹೋಗಿ ಬಂದೆವು. ಮಗಳಿಗೆ ಪರೀಕ್ಷೆ ಇತ್ತು. ಇಲ್ಲದಿದ್ದರೂ ಬರುತ್ತಿದ್ದಳೋ ಇಲ್ಲವೋ, ನಾನು ಕರೆಯಲೂ ಇಲ್ಲ.

ಮೊನ್ನೆ, ಹೊಸ ಕ್ಯಾಬಿನೆಟ್ಟಿನ ಮುಂದೆ ಅವಳು ಹಾಗೆ ನಕ್ಕಾಗ, ಮೆಂತ್ಯಪಲ್ಲೆ ಸರಿಸಿ ಹೇಳಿದೆ. ಅಕ್ಷತೆ, ಸೆರಗು, ಬನ್ನಿ ಎಲೆ, ಎಲ್ಲ. ಹೇಳುವಾಗ ಅವಳ ಮುಖ ನೋಡಲಿಲ್ಲ, ನೆಲ ನೋಡುತ್ತ ಹೇಳಿದೆ. ಮುಗಿದ ಮೇಲೆ ಸಿಟ್ಟು ಮಾಡುತ್ತಾಳೆ, ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

"ನಾನು ಅವರಿಗೆ ಥ್ಯಾಂಕ್ ಯೂ ಸುದ್ದಾ ಹೇಳಿಲ್ಲ" ಅಂದಳು, ನನಗಲ್ಲ, ತನಗೇ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬಾಗಿಲ ಹೊರಗೆ ನಿಂತೆ. ಅಳುವುದು ಕೇಳುತ್ತಿತ್ತು. ದೊಡ್ಡವಳಾದ ಮೇಲೆ ಅವಳು ಹಾಗೆ ಬಿಕ್ಕಿದ್ದನ್ನು ನಾನು ಕೇಳಿಲ್ಲ. ನನಗೂ ಕಣ್ಣು ತುಂಬಿತು, ವೈನೀ ತಪ್ಪಾಯಿತು ಅಂದೆ, ಕೈಮುಗಿದೆ... ಅದು ಸುಳ್ಳಲ್ಲ. ಆದರೆ ದೇವರು ನೋಡುತ್ತಿದ್ದಾನೆ, ಇದನ್ನೂ ಬರೆಯಬೇಕು. ಕೈಮುಗಿದುಕೊಂಡೇ ನಾನು ಆ ಅಳುವನ್ನು ಅಳೆಯುತ್ತಿದ್ದೆ. ನಾನು ಹೋದ ದಿನ ಇವಳು ಇಷ್ಟು ಅಳುತ್ತಾಳೆಯೇ ಅಂತ.