ಎಂಟು ತಾಸಿನ ಪಾಳಿ

ನಾನು ಸರಕಾರಿ ಕಚೇರಿಯಲ್ಲಿ ವಿಷಶಾಸ್ತ್ರಜ್ಞೆ ಎಂದರೆ ನಮ್ಮ ನೆಂಟರು ಇವತ್ತಿಗೂ ಹಾವಿನ ಕೆಲಸ ಎಂದುಕೊಳ್ಳುತ್ತಾರೆ. ಅಷ್ಟು ರೋಚಕವಾದದ್ದೇನಲ್ಲ. ಕಾರ್ಖಾನೆಯ ಗಾಳಿಯಲ್ಲಿ ಯಾವ ರಾಸಾಯನಿಕ ಎಷ್ಟಿದ್ದರೆ ಮನುಷ್ಯನ ಮೈ ತಡೆದೀತು ಎಂದು ಲೆಕ್ಕ ಹಾಕಿ, ವರದಿ ಬರೆದು, ಸಹಿ ಮಾಡುವುದು. ಅತಿಯಾದರೆ ಅಮೃತವೂ ವಿಷ ಎನ್ನುತ್ತಾರಲ್ಲ, ಆ ‘ಅತಿ’ ಎಲ್ಲಿಂದ ಶುರು ಎಂದು ಹೇಳುವವಳು ನಾನು. ಪುಣೆಯಲ್ಲಿ ಹದಿನೆಂಟು ವರ್ಷ ಇದನ್ನೇ ಹೇಳಿಕೊಂಡು ಮೇಲೇರಿದ್ದೇನೆ. ನನ್ನ ಒಂದು ವರದಿಯೂ ತಿದ್ದುಪಡಿಗೆ ವಾಪಸು ಬಂದಿರಲಿಲ್ಲ. ಅದರ ಜಂಬವೂ ಇತ್ತು.

ಪುಣೆ ಹತ್ತಿರದ ಕುರಕುಂಭದ ಕಾರ್ಖಾನೆಯೊಂದರ ಕೂಲಿಯ ಫೈಲು ಬಂತು. ಯಾದಗಿರಿ ಕಡೆಯವನು, ಲಿವರ್ ಕೆಟ್ಟು ಸತ್ತಿದ್ದ. ಅವನು ದಿನವೂ ಉಸಿರಾಡಿದ ದ್ರಾವಕ ಅದಕ್ಕೆ ಕಾರಣವೇ ಎಂಬುದು ಪ್ರಶ್ನೆ. ಹಾಜರಿ ಪುಸ್ತಕದಲ್ಲಿ ದಿನಕ್ಕೆ ಎಂಟು ತಾಸು ಎಂದಿತ್ತು. ಎಂಟು ತಾಸಿಗೆ ಆ ಗಾಳಿ ಮಿತಿಯೊಳಗೇ ಇತ್ತು. ಕೆಲಸದಿಂದ ಬಂದ ಕಾಯಿಲೆಯಲ್ಲ ಎಂದು ಬರೆದೆ. ಕೊನೆಗೆ ಇಂಥ ವರದಿಗಳಲ್ಲಿ ರೂಢಿಯಿಂದ ಸೇರಿಸುವ ಸಾಲು: ‘ಮದ್ಯಪಾನದಂಥ ಬೇರೆ ಕಾರಣಗಳನ್ನು ತಳ್ಳಿಹಾಕಲಾಗದು.’ ಅವನು ಕುಡಿಯುತ್ತಿದ್ದನೇ ಎಂದು ನಾನು ಯಾರನ್ನೂ ಕೇಳಿರಲಿಲ್ಲ.

ಕೆಲವು ವಾರಗಳಾದ ಮೇಲೆ ಅವನ ಹೆಂಡತಿ ಕಚೇರಿಗೆ ಬಂದಳು. ಬಾಗಿಲಲ್ಲಿ ಸಿಪಾಯಿಯೊಡನೆ ಹರಕು ಮರಾಠಿಯಲ್ಲಿ ಹೆಣಗುತ್ತಿದ್ದಳು. ನಾನು ಕನ್ನಡದಲ್ಲಿ ಕರೆದದ್ದೇ ತಡ, ಅಳು ಬಂತು ಅವಳಿಗೆ. ಕೂತು, ಸೆರಗಿನ ಗಂಟು ಬಿಚ್ಚಿ ತುಳಸಿ ಮಾಲೆಯೊಂದನ್ನು ಮೇಜಿನ ಮೇಲಿಟ್ಟಳು.

“ಪಂಢರಪುರದಾಗ ಹಾಕ್ಕೊಂಡಿದ್ರು ಅಕ್ಕಾರ. ಮಾಲಿ ಹಾಕಿದ ಮ್ಯಾಲೆ ಒಂದ ಹನಿ ಮುಟ್ಟಿಲ್ಲ. ನಿಮ್ಮ ಕಾಗದ ನಮ್ಮನ್ನ ಕೂಲಿಗೆ ಕರಕೊಂಡು ಬಂದ ಮುಕಾದಮ ಓದಿ ಊರಾಗ ಹೇಳ್ಯಾನ. ಕುಡದ ಸತ್ತ, ಸರಕಾರನ ಬರದದ ಅಂತಾರ್ರಿ ಎಲ್ಲಾರೂ. ಆ ಮಾತೊಂದು ತಗದು ಹಾಕ್ರಿ.”

ಕುಡಿತವಲ್ಲದಿದ್ದರೆ ಮತ್ತೇನು ಎಂದು ಪಾಳಿಯ ಬಗ್ಗೆ ಕೇಳಿದೆ. ದನಿ ತಗ್ಗಿಸಿದಳು.

“ಮೈದುನನೂ ಅಲ್ಲೇ ದುಡೀತಾನ್ರಿ. ಅವ ಊರಿಗೆ ಹೋದ್ರ ಅವನ ಪಾಳಿನೂ ಇವರ ಮಾಡ್ತಿದ್ರು, ಅವನ ಹೆಸರೀಲೆ. ನಮ್ಮೋರೆಲ್ಲಾ ಹಂಗ ಮಾಡ್ತಾರ್ರಿ, ಇಲ್ಲಾಂದ್ರ ಜಾಗಾ ಹೋಗ್ತದ. ಹ್ವಾದ ವರ್ಷ ಅವನ ಕಾಲು ಮುರದು ಆರು ತಿಂಗಳು ಬರಲಿಲ್ಲ.”

ಅಲ್ಲೇ ಕಾಗದದ ಮೇಲೆ ಕೂಡಿಸಿ ನೋಡಿದೆ. ಆರು ತಿಂಗಳು, ದಿನಕ್ಕೆ ಹದಿನಾರು ತಾಸು. ನನ್ನ ಲೆಕ್ಕವೆಲ್ಲ ನಿಂತಿದ್ದದ್ದು ಪಾಳಿ ಮುಗಿದ ಮೇಲೆ ಮೈ ಆ ವಿಷವನ್ನು ಹೊರಹಾಕುತ್ತದೆ ಎಂಬುದರ ಮೇಲೆ. ಅವನ ಮೈಗೆ ಆ ಪುರುಸೊತ್ತೇ ಇರಲಿಲ್ಲ.

“ಇದನ್ನ ಬರದು ಕೊಡ್ರಿ. ವರದಿ ಬದಲಾಯಿಸ್ತೀನಿ” ಎಂದೆ.

ಅವಳು ಗಾಬರಿಯಾಗಿ ಮಾಲೆ ಎತ್ತಿಕೊಂಡಳು. “ಬ್ಯಾಡ್ರಿ. ಮೈದುನನ್ನ ಕೆಲಸದಿಂದ ತಗೀತಾರ. ಈಗ ನಮ್ಮ ಮನಿನೂ ಅವನ ದುಡಿಮಿ ಮ್ಯಾಲೆ ಅದ.”

ಅಷ್ಟಾದರೂ ಕುಡಿತದ ಸಾಲನ್ನು ನಾನು ತೆಗೆಯಬಹುದಿತ್ತು. ಆಧಾರವಿಲ್ಲದೆ ಬರೆದೆ, ತಪ್ಪಾಯಿತು ಎಂದು ಒಂದು ಟಿಪ್ಪಣಿ ಸಾಕಿತ್ತು. ಆದರೆ ಬಡ್ತಿ ಕಣ್ಣೆದುರಿತ್ತು. ಒಂದು ವರದಿಯಲ್ಲಿ ತಪ್ಪೊಪ್ಪಿಕೊಂಡರೆ ಉಳಿದವನ್ನೂ ಕೆದಕುತ್ತಾರೆಂದು ಹೆದರಿದೆ. ಹೊಸ ಪುರಾವೆ ಇಲ್ಲದೆ ಏನೂ ಮಾಡಲಾಗದು, ನಿಯಮ ಹಾಗಿದೆ ಎಂದು ಹೇಳಿದೆ. ಹೇಳುವಾಗಲೇ ನಾಚಿಕೆಯಾಯಿತು. ಸಮಾಧಾನಕ್ಕೆಂದು, “ತಂಗಿ, ಅವರು ಕುಡದು ಸತ್ತಿಲ್ಲ. ನನಗ ಗೊತ್ತದ” ಎಂದೆ.

ಅವಳು ಕಣ್ಣೊರೆಸಿಕೊಂಡು ಕೇಳಿದಳು: “ಹಂಗಾದ್ರ ಇದನ್ನ ನಮ್ಮೂರಿಗೆ ಬಂದು ಹೇಳ್ತೀರೇನ್ರಿ?”

ಬರ್ತೀನಿ ಅಂದೆ. ಊರಿನ ಹೆಸರು ಕೇಳಿ ಬರೆದುಕೊಂಡೆ.

ಬಡ್ತಿ ಬಂದು ಮೂರು ವರ್ಷವಾಯಿತು. ನಾನು ಹೋಗಿಲ್ಲ. ಆ ಊರಲ್ಲಿ ಅವನು ಇನ್ನೂ ಕುಡಿದು ಸತ್ತವನೇ.