ಬೆಲ್ಲ ಬಿಟ್ಟ ಮಾವ

ಕ್ಯಾತನಹಳ್ಳಿ ಹತ್ತಿರವಾದಂತೆ ಕುದಿಯುವ ಕಬ್ಬಿನ ಹಾಲಿನ ವಾಸನೆ ಬಸ್ಸಿನ ಕಿಟಕಿಯಿಂದ ನುಗ್ಗಿತು ನೋಡಿ, ನನ್ನ ಬಾಯಲ್ಲಿ ನೀರೂರಿತು. ಸಕ್ಕರೆ ಕಾಯಿಲೆಯವರ ಸಾಲಿಗೆ ನಾನೂ ಸೇರಿದ್ದೇನೆಂದು ನನ್ನ ನಾಲಿಗೆಗೆ ಇನ್ನೂ ಯಾರೂ ತಿಳಿಸಿಲ್ಲ.

ಈ ವಿಷಯದಲ್ಲಿ ನಮ್ಮ ಸೋದರಮಾವ ಗಟ್ಟಿಗರು. ಇದೇ ಊರಿನ ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವ ಕೆಲಸ ಅವರದು. ಪಾಕದ ಚೂರನ್ನು ತಣ್ಣೀರಿಗೆ ಹಾಕಿ, ಉಂಡೆ ಮಾಡಿ, ಬಾಯಿಗೆಸೆದು, ಕಣ್ಣು ಮುಚ್ಚಿ ಅಗಿದು 'ಇಳ್ಸಿ' ಎನ್ನುತ್ತಿದ್ದರು. ಪ್ರತಿ ಕೊಪ್ಪರಿಗೆಗೂ ಒಂದು ಉಂಡೆ. ಇವರ ಮೈಯಲ್ಲಿ ಓಡುವುದು ರಕ್ತವೋ ಜೋನಿಬೆಲ್ಲವೋ ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಕೆಲವು ವರ್ಷಗಳ ಹಿಂದೆ ಆ ತಮಾಷೆ ನಿಂತಿತು. ಕೊಳೆ ತೆಗೆಯಲು ಕಬ್ಬಿನ ಹಾಲಿಗೆ ಸುಣ್ಣ ಹಾಕುತ್ತಾರಲ್ಲ, ಹಾಕಿದ್ದನ್ನು ಮರೆತು ಮಾವ ಮತ್ತೆ ಹಾಕಿದರು. ಕೊಪ್ಪರಿಗೆ ತುಂಬ ಬೆಲ್ಲ ಕರ್ರಗಾಯಿತು. ಅದಕ್ಕೂ ಮುಂಚೆ ನೆಂಟರ ಹೆಸರು ಮರೆತಾಗ ವಯಸ್ಸು ಎಂದು ಸುಮ್ಮನಿದ್ದೆವು. ಆಲೆಮನೆಯ ಯಜಮಾನರು ಮೆತ್ತಗೆ, 'ಸುಧಾರಿಸ್ಕೊಳ್ಳಣ್ಣ, ಮುಂದಿನ್ ಸುಗ್ಗಿಗೆ ನೋಡಾನ' ಎಂದರು. ಮಾವ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಮನೆಗೆ ನಡೆದರು.

ಡಾಕ್ಟರಿಗೆ ತೋರಿಸಿದರೆ ಸಕ್ಕರೆ ಕಾಯಿಲೆ ಮಿತಿಮೀರಿತ್ತು; ಅವರು ಭರವಸೆಯನ್ನೇನೂ ಕೊಡಲಿಲ್ಲ. ಸಕ್ಕರೆ ಹತೋಟಿಗೆ ಬಂದರೆ ಮರೆವೂ ತಗ್ಗಬಹುದು. ಮಾತ್ರೆಯ ಜೊತೆ ಸೊಪ್ಪು, ಕಾಳು, ಹೊತ್ತಿಗೆ ಸರಿಯಾಗಿ ಊಟ. ಬೆಲ್ಲ, ಬೋಂಡ ಬಂದ್ ಎಂದರು.

ಮಾವ ನನ್ನ ಮೇಲೆ ಹರಿಹಾಯ್ದರು: 'ಲೇ, ಬೆಲ್ಲ ಬಾಯಿಗಿಕ್ಕಬ್ಯಾಡ ಅಂದ್ರೆ ಪಾಕ ಬಂದದ್ದು ಎಂಗ್ಲಾ ಗೊತ್ತಾಯ್ತದೆ?'

'ಕೈಗೆ ಗೊತ್ತಿರೋದ್ನ ಬಾಯಿಗ್ಯಾಕೆ ಕೇಳೀರಿ? ಬನ್ನಿ, ಮುದ್ದೆ ಆರೋಯ್ತದೆ' ಎಂದು ಅತ್ತೆ ಒಳಗಿನಿಂದಲೇ ಕೂಗಿದರು.

ಆ ವರ್ಷವಿಡೀ ಅತ್ತೆಯದೇ ರಾಜ್ಯಭಾರ. ದಂಟಿನ ಸೊಪ್ಪಿನ ಬಸ್ಸಾರು, ಹುರುಳಿಕಾಳು, ಮೊದಲಿನ ಅರ್ಧದಷ್ಟು ಮುದ್ದೆ. ಮಾವನ ಕಾವಲಿಗೆಂದು ಹೋದ ನಾನೇ ಒಬ್ಬಟ್ಟು ಕದ್ದು ತಿಂದು ಸಿಕ್ಕಿಬಿದ್ದೆ. ಮಾವ ಅದರ ಕಡೆ ತಿರುಗಿಯೂ ನೋಡಲಿಲ್ಲ. ಮಾತ್ರೆಯೋ, ಸೊಪ್ಪೋ, ಅತ್ತೆಯ ಭಯವೋ, ಮರೆತ ಹೆಸರುಗಳು ಒಂದೊಂದಾಗಿ ವಾಪಸ್ಸು ಬಂದವು.

ಸುಗ್ಗಿ ಬಂತು. ಪರೀಕ್ಷೆಗೆಂದು ಯಜಮಾನರು ಒಂದೇ ಕೊಪ್ಪರಿಗೆ ಒಪ್ಪಿಸಿದರು. ಮಾವ ಸುಣ್ಣ ಹಾಕಿ, ಎಲ್ಲರಿಗೂ ಕೇಳುವಂತೆ 'ಸುಣ್ಣ ಆಯ್ತು' ಎಂದರು. ಪಾಕ ಉಕ್ಕಿತು. ಉಂಡೆ ಮಾಡಿದ ಕೈ ಅಭ್ಯಾಸಬಲದಿಂದ ಬಾಯಿಯವರೆಗೆ ಹೋಯಿತು. ಮಾವ ಒಂದು ಕ್ಷಣ ನಿಂತರು, ಬೆರಳಲ್ಲೇ ಒತ್ತಿ ನೋಡಿದರು, ಉಂಡೆಯನ್ನು ಆಚೆ ಎಸೆದು ಗುಡುಗಿದರು: 'ಇಳುಸ್ರಲಾ!'

ಅಚ್ಚು ಬಿಚ್ಚಿದಾಗ ಬೆಲ್ಲ ಹೊಂಬಣ್ಣಕ್ಕಿತ್ತು. ನಾನು ಕುಣಿಯುವುದೊಂದು ಬಾಕಿ.

'ನಾಳೆಯಿಂದ ಬಂದ್ಬುಡಣ್ಣ' ಎಂದರು ಯಜಮಾನರು.

'ಬತ್ತೀನಿ. ಆದ್ರೆ ಉಣ್ಣೋ ಒತ್ಗೆ ಮನೆಗೋಯ್ತೀನಿ' ಎಂದರು ಮಾವ.

ಇವತ್ತು ಬಸ್ಸಿಳಿದು ನೇರ ಆಲೆಮನೆಗೆ ಹೋದೆ. ಮಾವ ಕಾಣಲಿಲ್ಲ. 'ಉಣ್ಣಕ್ಕೋಗವ್ರೆ' ಎಂದ ಆಳು, ಬಿಸಿ ಬೆಲ್ಲದ ಚೂರೊಂದನ್ನು ನನ್ನ ಮುಂದೆ ಹಿಡಿದ.

'ಬ್ಯಾಡಪ್ಪ, ನಂಗೂ ಊಟದ ಒತ್ತಾಯ್ತು' ಎಂದು ಹೇಳಿ ಅತ್ತೆಯ ಮನೆಯ ಕಡೆ ನಡೆದೆ.